ಚೆಂಡಿನ ಹೊರಮೈ, ಚೆಂಡಿನ ಒಡಲು



ಇವತ್ತಿನ ಮಾತು ಒಂದು ಚೆಂಡಿನ ಬಗ್ಗೆ. ಬೌಲಿಂಗ್ ಚೆಂಡು. ಬೌಲಿಂಗ್ ಎಂದರೆ ಇಲ್ಲಿ ಕ್ರಿಕೆಟ್ ಅಲ್ಲ, ಟೆನ್‌ಪಿನ್ ಬೌಲಿಂಗ್. ಉದ್ದನೆಯ ನುಣುಪು ಹಾಸಿನ ಮೇಲೆ ದಪ್ಪ ಚೆಂಡನ್ನು ಉರುಳಿಸಿ, ಆ ತುದಿಯಲ್ಲಿ ನಿಂತ 10 ಪಿನ್‌ಗಳನ್ನು ಕೆಡಹುವ ಆಟ. ಬೆಂಗಳೂರಿನ ಎಷ್ಟೋ ಮಂದಿ ಇದನ್ನು ಒಮ್ಮೆಯಾದರೂ ಆಡಿದ್ದಾರೆ. ಆದರೆ ಈ ಚೆಂಡಿನ ವಿಜ್ಞಾನ ಬೆಳೆದದ್ದು ಬಹುಮಟ್ಟಿಗೆ ಅಮೆರಿಕದಲ್ಲಿ. ಹಾಗಾಗಿ ಈ ಕಥೆಯ ಊರು, ಜನ, ಜಗಳ ಎಲ್ಲವೂ ಹೆಚ್ಚಾಗಿ ಅಲ್ಲಿನವೇ.

ಹೊರಗಿನಿಂದ ನೋಡಿದರೆ ಈ ಚೆಂಡುಗಳೆಲ್ಲ ಒಂದೇ. ಗಾತ್ರ ಒಂದೇ. ಅಡ್ಡಳತೆ ಸುಮಾರು ಎಂಟೂವರೆ ಅಂಗುಲ. ತೂಕ ಹೆಚ್ಚೆಂದರೆ 16 ಪೌಂಡ್, ಅಂದರೆ ಏಳು ಕಿಲೋ ಚಿಲ್ಲರೆ. ಮೂರು ತೂತು, ಒಂದಿಷ್ಟು ಬಣ್ಣ. ಅಷ್ಟೇ. ಆದರೂ ಒಬ್ಬನೇ ಆಟಗಾರ, ಒಂದೇ ಕೈಚಳಕ, ಒಂದೇ ವೇಗದಲ್ಲಿ ಎರಡು ಬೇರೆ ಚೆಂಡುಗಳನ್ನು ಬಿಟ್ಟರೆ ಒಂದು ನೆಟ್ಟಗೆ ಹೋಗುತ್ತದೆ. ಇನ್ನೊಂದು ಮುಕ್ಕಾಲು ದಾರಿಯವರೆಗೆ ಸುಮ್ಮನಿದ್ದು, ಆಮೇಲೆ ಗಕ್ಕನೆ ಒಳಕ್ಕೆ ತಿರುಗುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದೆರಡು ಅಂಗುಲದ್ದಲ್ಲ, ಅಡಿಗಳಷ್ಟು. ಇದಕ್ಕೆ ಕಾರಣ ಎರಡು. ಒಂದು ಚೆಂಡಿನ ಹೊರಪದರ. ಆಟಗಾರರು ಅದನ್ನು ಕವರ್ ಎನ್ನುತ್ತಾರೆ. ಇನ್ನೊಂದು ಅದರ ಒಡಲಲ್ಲಿ ಅಡಗಿರುವ ಭಾರದ ಗಟ್ಟಿ. ಅದು ಕೋರ್.

ಈ ಎರಡರಲ್ಲಿ ಯಾವುದು ದೊಡ್ಡದು? ಬೌಲಿಂಗ್ ಲೋಕದಲ್ಲಿ ಬಹಳ ಕಾಲ ಚರ್ಚೆಯಾದ ಪ್ರಶ್ನೆ ಇದು. ಉತ್ತರಕ್ಕೆ ಮೊದಲು ಚೆಂಡು ಓಡುವ ದಾರಿಯನ್ನು ತಿಳಿಯಬೇಕು.

ಆ ದಾರಿಯ ಹೆಸರು ಲೇನ್. ಆಟಗಾರ ನಿಲ್ಲುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಅಗಲ ಮೂರೂವರೆ ಅಡಿ. ಹಿಂದೆ ಇದನ್ನು ಮೇಪಲ್ ಮತ್ತು ಪೈನ್ ಮರದ ಪಟ್ಟಿಗಳನ್ನು ಜೋಡಿಸಿ ಮಾಡುತ್ತಿದ್ದರು. ಈಗ ಬಹುತೇಕ ಕಡೆ ಕೃತಕ ಹಾಸು. ಈ ಲೇನ್ ಮೇಲೆ, ನೋಡುವವರ ಕಣ್ಣಿಗೆ ಬೀಳದ ಒಂದು ವಸ್ತುವಿದೆ. ಎಣ್ಣೆ. ಬಣ್ಣವಿಲ್ಲದ ತೆಳು ಎಣ್ಣೆ. ಯಂತ್ರವೊಂದು ಲೇನ್ ಉದ್ದಕ್ಕೂ ಸಾಗಿ ಅದನ್ನು ಸವರುತ್ತದೆ. ಇಡೀ ಲೇನ್‌ಗೆ ಬೇಕಾಗುವುದು ಒಂದೆರಡು ದೊಡ್ಡ ಚಮಚದಷ್ಟು ಮಾತ್ರ. ಸಾಮಾನ್ಯವಾಗಿ ಮೊದಲ 40 ಅಡಿಯವರೆಗೆ ಎಣ್ಣೆ ಇರುತ್ತದೆ, ಕೊನೆಯ 20 ಅಡಿ ಒಣ. ಸಾಧಾರಣ ಲೇನ್‌ಗಳಲ್ಲಿ ನಡುವೆ ಎಣ್ಣೆ ಹೆಚ್ಚು, ಅಂಚುಗಳಲ್ಲಿ ಕಡಿಮೆ. ಮೊದಲು ಎಣ್ಣೆ ಸವರಿದ್ದು ಮರದ ಹಾಸನ್ನು ಕಾಪಾಡುವುದಕ್ಕೆ. ಈಗ ಆಟದ ಪಟ್ಟೆಲ್ಲ ಆ ಎಣ್ಣೆಯಲ್ಲೇ ಇದೆ.

ಚೆಂಡು ಈ ದಾರಿಯನ್ನು ದಾಟಲು ಎರಡೂವರೆ ಸೆಕೆಂಡ್ ಸಾಕು. ಆ ಎರಡೂವರೆ ಸೆಕೆಂಡಿನಲ್ಲಿ ಮೂರು ಹಂತ. ಮೊದಲು ಚೆಂಡು ಎಣ್ಣೆಯ ಮೇಲೆ ಜಾರುತ್ತದೆ. ಆಮೇಲೆ ನೆಲ ಕಚ್ಚಿ ತಿರುಗುತ್ತದೆ. ಕೊನೆಗೆ ಜಾರುವುದನ್ನು ಪೂರ್ತಿ ಬಿಟ್ಟು ಉರುಳುತ್ತದೆ. ಜಾರು, ತಿರುವು, ಉರುಳು. ಈ ಮೂರು ಪದ ನೆನಪಿರಲಿ.

ಇಲ್ಲಿ ಒಂದು ಸಣ್ಣ ಲೆಕ್ಕ. ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿ ಹೋಗುವ ಈ ಚೆಂಡು ಒಂದಿಷ್ಟೂ ಜಾರದೆ ಉರುಳಬೇಕಾದರೆ ನಿಮಿಷಕ್ಕೆ 600ಕ್ಕೂ ಹೆಚ್ಚು ಸುತ್ತು ಸುತ್ತಬೇಕು. ಒಳ್ಳೆಯ ಆಟಗಾರನ ಕೈಯಿಂದ ಅದು ಹೊರಡುವಾಗ ಸುತ್ತುವುದು ನಿಮಿಷಕ್ಕೆ 300ರ ಲೆಕ್ಕದಲ್ಲಿ. ಕೊರತೆ ಅರ್ಧಕ್ಕರ್ಧ. ಅಷ್ಟೇ ಅಲ್ಲ, ಆಟಗಾರ ಬೆರಳುಗಳಿಂದ ಪಕ್ಕಕ್ಕೂ ಒಂದು ಸುತ್ತು ಕೊಟ್ಟಿರುತ್ತಾನೆ. ಹೀಗೆ ಚೆಂಡು ಹೋಗುವ ದಿಕ್ಕು ಒಂದು, ಸುತ್ತುವ ದಿಕ್ಕು ಇನ್ನೊಂದು. ಎಣ್ಣೆಯ ಮೇಲೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಒಣ ಜಾಗ ಸಿಕ್ಕಿತೋ, ಘರ್ಷಣೆ ಹಲವು ಪಟ್ಟು ಏರುತ್ತದೆ. ಚೆಂಡು ನೆಲ ಹಿಡಿಯುತ್ತದೆ. ತಾನು ಸುತ್ತುತ್ತಿರುವ ದಿಕ್ಕಿಗೇ ಬಾಗುತ್ತದೆ.

ಬಾಗಲೇಬೇಕೆ? ನೇರವಾಗಿ ಹೋಗಿ ಹೊಡೆದರಾಗದೆ? ಹೊಡೆಯಬಹುದು. ಆದರೆ ಹತ್ತೂ ಪಿನ್ ಬೀಳುವ ಸಾಧ್ಯತೆ ಕಡಿಮೆ. ಪಿನ್‌ಗಳು ತ್ರಿಕೋನವಾಗಿ ನಿಂತಿರುತ್ತವೆ. ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ಕೊನೆಗೆ ನಾಲ್ಕು. ಬಲಗೈ ಆಟಗಾರ ಗುರಿಯಿಡುವುದು ಮುಂದಿನ ಪಿನ್‌ಗೂ ಅದರ ಬಲಕ್ಕಿರುವ ಪಿನ್‌ಗೂ ನಡುವಿನ ಸಂದಿಗೆ. ಅದಕ್ಕೆ ಪಾಕೆಟ್ ಎಂದು ಹೆಸರು. ಅಚ್ಚುಕಟ್ಟಾದ ಹೊಡೆತದಲ್ಲಿ ಚೆಂಡು ತಾನಾಗಿ ಮುಟ್ಟುವುದು ನಾಲ್ಕೇ ಪಿನ್. ಉಳಿದ ಆರನ್ನು ಪಿನ್‌ಗಳೇ ಒಂದನ್ನೊಂದು ತಳ್ಳಿ ಕೆಡಹುತ್ತವೆ. ಹಾಗಾಗಬೇಕಾದರೆ ಚೆಂಡು ಸುಮಾರು 6 ಡಿಗ್ರಿ ಓರೆಯಲ್ಲಿ ಒಳನುಗ್ಗಬೇಕು ಎಂದು ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ಮೂರೂವರೆ ಅಡಿ ಅಗಲದ ಲೇನ್‌ನಲ್ಲಿ, ತೀರಾ ಅಂಚಿನಿಂದ ನೇರವಾಗಿ ಬಿಟ್ಟರೂ ಸಿಗುವ ಓರೆ ಎರಡು ಡಿಗ್ರಿಯೂ ಇಲ್ಲ. ಉಳಿದದ್ದನ್ನು ಚೆಂಡು ಬಾಗಿ ಸಂಪಾದಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಲೇನ್ ಮೇಲೆ ಎಣ್ಣೆ ಇದೆ. ಚೆಂಡು ಮೊದಲು ಜಾರಿ, ಆಮೇಲೆ ತಿರುಗಿ, ಕೊನೆಗೆ ಉರುಳುತ್ತದೆ. ತಿರುವು ಹುಟ್ಟುವುದು ಘರ್ಷಣೆಯಿಂದ. ಇನ್ನು ಲೇನ್ ಅನ್ನು ಮುಟ್ಟುವ ವಸ್ತುವಿನ ಕಡೆಗೆ ಬರೋಣ. ಅದು ಕವರ್.

ನೂರಿಪ್ಪತ್ತು ವರ್ಷಗಳ ಹಿಂದೆ ಕವರ್, ಕೋರ್ ಎಂಬ ಭೇದವೇ ಇರಲಿಲ್ಲ. ಚೆಂಡು ಇಡಿಯಾಗಿ ಮರದ್ದು. ಲಿಗ್ನಮ್ ವೈಟೆ ಎಂಬ, ನೀರಿನಲ್ಲಿ ಮುಳುಗುವಷ್ಟು ಗಟ್ಟಿಯಾದ ಮರ. 1905ರಲ್ಲಿ ಎವರ್‌ಟ್ರೂ ಎಂಬ ಗಟ್ಟಿ ರಬ್ಬರ್ ಚೆಂಡು ಬಂತು. ಮುಂದಿನ ಅರ್ಧ ಶತಮಾನ ರಬ್ಬರಿನದೇ ರಾಜ್ಯ. 1960ರ ಸುಮಾರಿಗೆ ಪಾಲಿಯೆಸ್ಟರ್ ಬಂತು. ಆಟಗಾರರ ಬಾಯಲ್ಲಿ ಅದು ಪ್ಲಾಸ್ಟಿಕ್ ಚೆಂಡು. ಇವತ್ತು ಬೌಲಿಂಗ್ ಕೇಂದ್ರಗಳಲ್ಲಿ ಎಲ್ಲರಿಗೂ ಕೊಡುವ ಬಣ್ಣಬಣ್ಣದ ಚೆಂಡುಗಳು ಹೆಚ್ಚಾಗಿ ಈ ಜಾತಿಯವು. ನುಣುಪು, ಗಟ್ಟಿ, ಎಣ್ಣೆ ಹೀರದು. ಹಾಗಾಗಿ ಹೆಚ್ಚು ತಿರುಗದು.

ಇನ್ನು 1973. ಈ ವರ್ಷದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಮೆರಿಕದ ವೃತ್ತಿಪರ ಆಟಗಾರರಲ್ಲಿ ಡಾನ್ ಮೆಕ್ಯೂನ್ ಎಂಬಾತ ಇದ್ದ. ಆತ ಮಾಡಿದ ಕೆಲಸ ಬಹಳ ಸರಳ. ಪ್ಲಾಸ್ಟಿಕ್ ಚೆಂಡನ್ನು ಒಂದು ಬಕೆಟ್‌ನಲ್ಲಿಟ್ಟು, ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಹಾಕಿದ. ಮೂಗಿಗೆ ಅಡರುವ, ಬೇಗ ಬೆಂಕಿ ಹಿಡಿಯುವ ದ್ರವ ಅದು. ಅದರಲ್ಲಿ ನೆನೆದ ಚೆಂಡಿನ ಹೊರಮೈ ಮೆತ್ತಗಾಗುತ್ತದೆ. ಮೆತ್ತಗಾದ ಮೈ ಲೇನ್ ಅನ್ನು ಹೆಚ್ಚು ಹಿಡಿಯುತ್ತದೆ. ಆಗ ಅದನ್ನು ತಡೆಯುವ ನಿಯಮ ಇರಲಿಲ್ಲ. ಆ ಒಂದೇ ವರ್ಷದಲ್ಲಿ ಮೆಕ್ಯೂನ್ ಆರು ಪ್ರಶಸ್ತಿ ಗೆದ್ದ. ವರ್ಷದ ಆಟಗಾರ ಎನಿಸಿಕೊಂಡ. ಕೋರ್ ಮುಟ್ಟಲಿಲ್ಲ, ತೂಕ ಬದಲಿಸಲಿಲ್ಲ. ಬದಲಾದದ್ದು ಹೊರಮೈಯ ಗಟ್ಟಿತನ ಮಾತ್ರ. ಉಳಿದವರೂ ಬಕೆಟ್ ಹಿಡಿದರು. ಕೆಲವೇ ವರ್ಷಗಳಲ್ಲಿ ನಿಯಮ ಬಂತು. ಚೆಂಡಿನ ಮೈಗೆ ಸೂಜಿಯೊಂದನ್ನು ಒತ್ತಿ, ಎಷ್ಟು ಇಳಿಯುತ್ತದೆ ಎಂದು ನೋಡಿ ಗಟ್ಟಿತನಕ್ಕೆ ಅಂಕ ಕೊಡುವ ಉಪಕರಣವಿದೆ. ಡ್ಯೂರೋಮೀಟರ್ ಎಂದು ಅದರ ಹೆಸರು. ಆ ಅಂಕ 72ಕ್ಕಿಂತ ಕೆಳಗಿಳಿಯಬಾರದು ಎಂದಾಯಿತು. ವೃತ್ತಿಪರರಿಗೆ ಆಗಿನ ಮಿತಿ ಇನ್ನೂ ಬಿಗಿಯಾಗಿತ್ತು, 75.

ಚೆಂಡು ತಯಾರಕರಿಗೆ ಇದರಿಂದ ಒಂದು ದಾರಿ ಕಂಡಿತು. ಗಟ್ಟಿತನದ ಮಿತಿಯೊಳಗೇ ಹಿಡಿತ ಹೆಚ್ಚಿಸುವ ವಸ್ತು ಹುಡುಕಬೇಕು. 1980ರ ದಶಕದ ಆರಂಭದಲ್ಲಿ ಯುರೆಥೇನ್ ಸಿಕ್ಕಿತು. ಹತ್ತು ವರ್ಷದ ಮೇಲೆ, 1990ರ ದಶಕದ ಆರಂಭದಲ್ಲಿ, ರಿಯಾಕ್ಟಿವ್ ರೆಸಿನ್ ಬಂತು. ಆಟವನ್ನೇ ಬದಲಿಸಿದ್ದು ಇದು. ಯುರೆಥೇನ್ ಗಟ್ಟಿಯಾಗುವ ಮೊದಲು ಅದಕ್ಕೆ ಕೆಲವು ರಾಸಾಯನಿಕ ಸೇರಿಸುತ್ತಾರೆ. ಅವು ಹೊರಬಂದಾಗ ಮೈತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳು ಎಣ್ಣೆ ಹೀರುತ್ತವೆ. ಚೆಂಡಿಗೂ ಲೇನ್‌ಗೂ ನಡುವಿನ ಎಣ್ಣೆ ಪದರ ತೆಳುವಾಗುತ್ತದೆ. ಒಣ ಜಾಗಕ್ಕೆ ಬಂದಾಗ ಚೆಂಡು ಜೋರಾಗಿ ತಿರುಗುತ್ತದೆ.

ಪರಿಣಾಮ ಎಷ್ಟು ದೊಡ್ಡದು? 12 ಹೊಡೆತಕ್ಕೆ 12 ಬಾರಿಯೂ ಎಲ್ಲ ಪಿನ್ ಬಿದ್ದರೆ 300 ಅಂಕ. ಅದು ಪರಿಪೂರ್ಣ ಆಟ. ಅಮೆರಿಕದ ಅಧಿಕೃತ ಲೀಗ್‌ಗಳಲ್ಲಿ 1968–69ರ ಋತುವಿನಲ್ಲಿ ಇಂಥ ಆಟ ಸುಮಾರು 900 ನಡೆದಿದ್ದವು. 1998–99ರಲ್ಲಿ 34 ಸಾವಿರ ದಾಟಿದವು. ಎಲ್ಲ ಶ್ರೇಯಸ್ಸೂ ಚೆಂಡಿನದ್ದಲ್ಲ. ಲೇನ್‌ಗಳು ಸುಧಾರಿಸಿದವು, ಎಣ್ಣೆ ಸವರುವ ಕ್ರಮವೂ ಆಟಗಾರನಿಗೆ ಅನುಕೂಲವಾಯಿತು. ಆದರೆ ರಿಯಾಕ್ಟಿವ್ ರೆಸಿನ್ ಇಲ್ಲದೆ ಅಂಕೆ ಇಷ್ಟು ನೆಗೆಯುವುದು ಕಷ್ಟವಿತ್ತು.

ಕವರ್ ಎಂದರೆ ವಸ್ತು ಮಾತ್ರವಲ್ಲ, ಅದರ ಮೇಲ್ಮೈಯ ಒರಟುತನವೂ ಹೌದು. ಆಟಗಾರರ ಚೀಲದಲ್ಲಿ ಉಜ್ಜುವ ಪ್ಯಾಡ್‌ಗಳು ಇರುತ್ತವೆ. ಒಂದಕ್ಕಿಂತ ಒಂದು ನಯ. 500ನೆಯ ನಂಬರ್ ಒರಟು, 4000ದ್ದು ನಯ. ಒರಟು ಪ್ಯಾಡಿನಲ್ಲಿ ಉಜ್ಜಿದ ಮಂಕು ಚೆಂಡು ಎಣ್ಣೆಯಲ್ಲೂ ನೆಲ ಹಿಡಿದು ಬೇಗ ತಿರುಗುತ್ತದೆ. ಪಾಲಿಷ್ ಮಾಡಿ ಹೊಳೆಯಿಸಿದ್ದು ಹೆಚ್ಚು ದೂರ ಜಾರಿ, ತಡವಾಗಿ, ಚೂಪಾಗಿ ತಿರುಗುತ್ತದೆ. ಇಲ್ಲಿ ಮಾತಾಡುತ್ತಿರುವ ಒರಟುತನ ಕೈಗೆ ಕಷ್ಟದಿಂದ ತಿಳಿಯುವಂಥದ್ದು. ನಿಯಮದ ಮಿತಿಯೇ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿದೆ. ಅಷ್ಟರಲ್ಲೇ ತಿರುವು ಹಲವು ಅಡಿ ಹಿಂದೆ ಮುಂದೆ ಆಗುತ್ತದೆ. ಅದಕ್ಕೇ ಸ್ಪರ್ಧೆ ಶುರುವಾದ ಮೇಲೆ ಚೆಂಡನ್ನು ಹೀಗೆ ಉಜ್ಜುವುದಕ್ಕೆ ಅನುಮತಿ ಇಲ್ಲ.

ಈ ಕವರ್ ಶಾಶ್ವತವಲ್ಲ. ರಂಧ್ರಗಳಲ್ಲಿ ಎಣ್ಣೆ ತುಂಬಿದಂತೆ ಚೆಂಡು ಮಂದವಾಗುತ್ತದೆ. ಆಗ ಅದನ್ನು ಬಿಸಿನೀರಿನಲ್ಲಿಟ್ಟು ಅಥವಾ ಹದವಾಗಿ ಕಾಯಿಸುವ ಯಂತ್ರದಲ್ಲಿಟ್ಟು ಎಣ್ಣೆ ಹೊರಗೆ ಬರಿಸುತ್ತಾರೆ. ಪ್ರತಿ ಬಾರಿ ಆಡಿದ ಮೇಲೆ ಬಟ್ಟೆಯಿಂದ ಒರೆಸುವ ಶಿಸ್ತು ಇರುವವನ ಚೆಂಡು ಹೆಚ್ಚು ಕಾಲ ಬಾಳುತ್ತದೆ.

ಇದಿಷ್ಟು ಕವರ್. ವಸ್ತು ಎಣ್ಣೆ ಹೀರುತ್ತದೆಯೇ, ಮೈ ಎಷ್ಟು ಒರಟು, ಎಷ್ಟು ಗಟ್ಟಿ. ಚೆಂಡಿನ ಹಿಡಿತ ನಿರ್ಧಾರವಾಗುವುದು ಈ ಮೂರರಿಂದ. ಇನ್ನು ಒಡಲಿನೊಳಗೆ ಹೋಗೋಣ.

ಚೆಂಡನ್ನು ಗರಗಸದಿಂದ ಎರಡು ಹೋಳು ಮಾಡಿದರೆ ಕಾಣುವುದೇನು? ಹೊರಗೆ ಬಣ್ಣದ ಕವರ್. ಅದರೊಳಗೆ ಹಗುರವಾದ ತುಂಬು. ನಟ್ಟನಡುವೆ ಭಾರವಾದ ಗಟ್ಟಿ. ಅದೇ ಕೋರ್. ಕೆಲವದರಲ್ಲಿ ಅದು ವಿದ್ಯುತ್ ಬಲ್ಬಿನ ಆಕಾರ. ಕೆಲವದರಲ್ಲಿ ಒಂದು ಪಕ್ಕ ಉಬ್ಬಿ, ಇನ್ನೊಂದು ಪಕ್ಕ ಕೊಚ್ಚಿದಂತಿರುವ ವಿಚಿತ್ರ ರೂಪ. ಗಾತ್ರ ಬದಲಿಸದೆ 12 ಪೌಂಡಿನ ಚೆಂಡನ್ನೂ 16 ಪೌಂಡಿನ ಚೆಂಡನ್ನೂ ಮಾಡಲು ಸಾಧ್ಯವಾಗುವುದು ಒಳಗಿನ ವಸ್ತುಗಳ ಸಾಂದ್ರತೆಯನ್ನು ಬದಲಿಸುವುದರಿಂದ. ಕೇಳುಗರಿಗೆ ಒಂದು ಸ್ವಾರಸ್ಯ. ಸುಮಾರು 12 ಪೌಂಡಿಗಿಂತ ಹಗುರವಾದ ಬೌಲಿಂಗ್ ಚೆಂಡು ನೀರಿನಲ್ಲಿ ತೇಲುತ್ತದೆ. ಅದಕ್ಕಿಂತ ಭಾರದ್ದು ಮುಳುಗುತ್ತದೆ. ಗಾತ್ರ ಮಾತ್ರ ಎರಡರದ್ದೂ ಒಂದೇ.

ಕೋರ್‌ನ ಆಕಾರ ಮಾಡುವ ಕೆಲಸ ಎರಡು.

ಮೊದಲನೆಯದು, ಭಾರ ಕೇಂದ್ರದಿಂದ ಎಷ್ಟು ದೂರದಲ್ಲಿ ಹರಡಿದೆ ಎಂಬುದು. ಭಾರವೆಲ್ಲ ನಡುವಿಗೆ ಒತ್ತಿಕೊಂಡಿದ್ದರೆ ಚೆಂಡನ್ನು ಸುತ್ತಿಸುವುದು ಸುಲಭ. ಅದು ಬೇಗ ಸುತ್ತು ಹಿಡಿದು ಬೇಗ ತಿರುಗುತ್ತದೆ. ಭಾರ ಹೊರಮೈಯ ಕಡೆಗೆ ಹರಡಿದ್ದರೆ ಸುತ್ತು ಹತ್ತಲು ತಡ. ಚೆಂಡು ಹೆಚ್ಚು ದೂರ ಜಾರುತ್ತದೆ. ಇದನ್ನು ಅಳೆಯುವ ಸಂಖ್ಯೆಗೆ ಆರ್‌ಜಿ ಎನ್ನುತ್ತಾರೆ. ನಿಯಮದ ಪ್ರಕಾರ ಅದು ಸುಮಾರು 2.5 ಅಂಗುಲದಿಂದ 2.8 ಅಂಗುಲದೊಳಗೆ ಇರಬೇಕು. ಇರುವ ಅವಕಾಶ ಅಂಗುಲದ ಮೂರನೇ ಒಂದು ಭಾಗ. ವಿನ್ಯಾಸಕಾರರ ಕೈಚಳಕವೆಲ್ಲ ಆ ಕಿರಿದಾದ ಜಾಗದಲ್ಲೇ.

ಎರಡನೆಯದು ಇನ್ನೂ ಸೂಕ್ಷ್ಮ. ಬಲ್ಬಿನ ಆಕಾರದ ಕೋರ್ ಉದ್ದಕ್ಕೆ ಒಂದು ಅಳತೆ, ಅಡ್ಡಕ್ಕೆ ಒಂದು ಅಳತೆ. ಹಾಗಾಗಿ ಚೆಂಡನ್ನು ಯಾವ ಅಕ್ಷದ ಮೇಲೆ ಸುತ್ತಿಸುತ್ತೀರಿ ಎಂಬುದರ ಮೇಲೆ ಆರ್‌ಜಿ ಬದಲಾಗುತ್ತದೆ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಇರುವ ಅಂತರವೇ ಡಿಫರೆನ್ಷಿಯಲ್. ಇದು ಹೆಚ್ಚಿದ್ದರೆ, ಓಡುತ್ತ ಓಡುತ್ತ ಚೆಂಡಿನ ಸುತ್ತುವ ಅಕ್ಷವೇ ಸರಿಯುತ್ತ ಹೋಗುತ್ತದೆ. ಓಲಾಡುತ್ತ ತಿರುಗುವ ಬುಗುರಿಯ ತಲೆ ಜಾಗ ಬದಲಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು.

ಅಕ್ಷ ಸರಿದರೆ ಲಾಭವೇನು? ಇಲ್ಲೇ ಕೋರ್ ಬಂದು ಕವರ್‌ನ ಕೈ ಹಿಡಿಯುವುದು. ಅಕ್ಷ ಸರಿಯದಿದ್ದರೆ ಪ್ರತಿ ಸುತ್ತಿನಲ್ಲೂ ಚೆಂಡಿನ ಅದೇ ಜಾಗ ಲೇನ್ ಅನ್ನು ಮುಟ್ಟುತ್ತದೆ. ಮೊದಲ ಸುತ್ತಿನಲ್ಲೇ ಆ ಜಾಗಕ್ಕೆ ಎಣ್ಣೆ ಮೆತ್ತಿರುತ್ತದೆ. ಆಮೇಲೆ ಮುಟ್ಟುವುದೆಲ್ಲ ಎಣ್ಣೆ ಮೆತ್ತಿದ ಮೈ. ಅಕ್ಷ ಸರಿದರೆ ಪ್ರತಿ ಸುತ್ತಿಗೂ ಹೊಸ, ಒಣ ಪಟ್ಟಿ ನೆಲಕ್ಕೆ ತಾಗುತ್ತದೆ. ಹಿಂದಿರುಗಿ ಬಂದ ಚೆಂಡನ್ನು ಬೆಳಕಿಗೆ ಹಿಡಿದರೆ ಇದರ ಗುರುತು ಸಿಗುತ್ತದೆ. ಎಣ್ಣೆಯ ತೆಳು ಉಂಗುರಗಳು. ಎರಡು ಕಡೆ ಒಂದಕ್ಕೊಂದು ಕೂಡಿ, ಮಿಕ್ಕ ಕಡೆ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿರುತ್ತವೆ. ಅನುಭವಿ ಆಟಗಾರ ಆ ಉಂಗುರಗಳನ್ನು ನೋಡಿಯೇ ತನ್ನ ಚೆಂಡು ಹೇಗೆ ನಡೆದುಕೊಂಡಿತು ಎಂದು ಹೇಳಬಲ್ಲ.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮೊ ಪಿನೆಲ್ ದೊಡ್ಡ ಹೆಸರು. 1990ರ ದಶಕದ ಆರಂಭದಲ್ಲಿ ಎಎಂಎಫ್ ಕಂಪನಿಗಾಗಿ ಅವರು ರೂಪಿಸಿದ ಸುಮೋ ಎಂಬ ಚೆಂಡು, ಕೋರ್‌ನ ಆಕಾರ ಏನು ಮಾಡಬಲ್ಲದು ಎಂಬುದನ್ನು ಸಾಮಾನ್ಯ ಆಟಗಾರರಿಗೂ ತೋರಿಸಿತು. ಎರಡೂ ಪಕ್ಕ ಸಮವಿಲ್ಲದ ಕೋರ್‌ಗಳನ್ನು ಜನಪ್ರಿಯಗೊಳಿಸಿದವರಲ್ಲೂ ಅವರು ಮುಂದಿದ್ದರು. ಅಂಗಡಿ ಅಂಗಡಿಗೆ ಹೋಗಿ, ಚೆಂಡು ಕೊರೆಯುವವರಿಗೆ ಭೌತಶಾಸ್ತ್ರ ಕಲಿಸುತ್ತಿದ್ದ ಮನುಷ್ಯ. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಕೋರ್‌ಗೂ ಕಾನೂನು ಉಂಟು. ಡಿಫರೆನ್ಷಿಯಲ್ ಅಂಗುಲದ ನೂರರಲ್ಲಿ ಆರು ಭಾಗ ಮೀರಬಾರದು. ಸುಮಾರು ಒಂದೂವರೆ ಮಿಲಿಮೀಟರ್. 2016ರಲ್ಲಿ ಮೋಟಿವ್ ಕಂಪನಿಯ ಜಾಕಲ್ ಮತ್ತು ಜಾಕಲ್ ಕಾರ್ನೇಜ್ ಎಂಬ ಎರಡು ಚೆಂಡುಗಳು ಈ ಗೆರೆ ದಾಟಿವೆ ಎಂದು ಆಡಳಿತ ಸಂಸ್ಥೆ ಅವುಗಳ ಮಾನ್ಯತೆ ಹಿಂಪಡೆಯಿತು. ಕಣ್ಣಿಗೆ ಕಾಣದ, ಕೈಗೆ ಸಿಗದ ಅಂತರ. ಕವರ್ ವಿಷಯದಲ್ಲೂ ಹೀಗೇ ಆಯಿತು. ಪರ್ಪಲ್ ಹ್ಯಾಮರ್ ಎಂಬ ಯುರೆಥೇನ್ ಚೆಂಡಿಗೆ ಆಟಗಾರರಲ್ಲಿ ಭಾರಿ ಬೇಡಿಕೆ ಇತ್ತು. 2016 ಮತ್ತು 2017ರಲ್ಲಿ ತಯಾರಾದ ಅದರ ಚೆಂಡುಗಳು 72ರ ಗಟ್ಟಿತನಕ್ಕಿಂತ ಮೆತ್ತಗಿವೆ ಎಂದು 2022ರಲ್ಲಿ ಅವನ್ನು ರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಗಿಟ್ಟರು. ಮೆಕ್ಯೂನ್‌ನ ಬಕೆಟ್‌ಗೆ ಆಗ 49 ವರ್ಷ. ಜಗಳ ಮಾತ್ರ ಅದೇ.

ಇನ್ನೊಂದು ಮಾತು. ಅಂಗಡಿಯಿಂದ ತಂದ ಚೆಂಡಿಗೆ ತೂತು ಇರುವುದಿಲ್ಲ. ಕೋರ್‌ನ ತುದಿ ಎಲ್ಲಿದೆ ಎಂದು ತೋರಿಸುವ ಬಣ್ಣದ ಚುಕ್ಕೆ ಮಾತ್ರ ಇರುತ್ತದೆ. ಕೊರೆಯುವವನು ಆಟಗಾರನ ಕೈ ನೋಡಿ, ಆತನ ಸುತ್ತಿನ ಅಕ್ಷ ಅಳೆದು, ಆ ಚುಕ್ಕೆಯಿಂದ ಎಷ್ಟು ದೂರದಲ್ಲಿ ಬೆರಳ ತೂತು ಬರಬೇಕು ಎಂದು ತೀರ್ಮಾನಿಸುತ್ತಾನೆ. ಅಂದರೆ ಒಂದೇ ಮಾದರಿಯ ಎರಡು ಚೆಂಡು, ಎರಡು ಬಗೆಯಲ್ಲಿ ಕೊರೆದರೆ, ಎರಡು ಬಗೆಯಲ್ಲಿ ಓಡುತ್ತವೆ. ಹಿಂದೆ ಭಾರ ಸರಿದೂಗಿಸಲು ನಾಲ್ಕನೆಯ ತೂತು ಕೊರೆಯುವ ಪದ್ಧತಿ ಇತ್ತು. 2020ರ ಆಗಸ್ಟ್‌ನಿಂದ ಅಮೆರಿಕದ ನಿಯಮ ಅದನ್ನು ತೆಗೆದುಹಾಕಿತು.

ಈಗ ಎರಡೂ ಮುಂದಿವೆ. ಕವರ್ ಹಿಡಿತ ಕೊಡುತ್ತದೆ. ಕೋರ್ ಆ ಹಿಡಿತ ಎಲ್ಲಿ ಶುರುವಾಗಬೇಕು ಎಂಬುದನ್ನು ಹಿಂದೆ ಮುಂದೆ ಮಾಡುತ್ತದೆ, ಸುತ್ತು ಸುತ್ತಿಗೂ ಹೊಸ ಮೈ ಒದಗಿಸುತ್ತದೆ. ಹಾಗಾದರೆ ಯಾರು ಹಿರಿಯ?

ಇದನ್ನು ಮನುಷ್ಯರಿಂದ ಪರೀಕ್ಷಿಸುವುದು ಕಷ್ಟ. ಎಷ್ಟೇ ಪಳಗಿದ ಕೈಯಾದರೂ ಎರಡು ಹೊಡೆತ ಒಂದೇ ತರಹ ಬೀಳುವುದಿಲ್ಲ. ಅದಕ್ಕಾಗಿ ಅಮೆರಿಕದ ಸಂಸ್ಥೆ ಚೆಂಡು ಎಸೆಯುವ ಯಂತ್ರವನ್ನು ಬಳಸಿತು. 2000ರ ದಶಕದಲ್ಲಿ ನಡೆದ ದೀರ್ಘ ಅಧ್ಯಯನದಲ್ಲಿ ಹತ್ತಾರು ಚೆಂಡುಗಳನ್ನು ಯಂತ್ರದಿಂದ ಎಸೆದು, ಅವುಗಳ ಹಾದಿಯನ್ನು ಸಂವೇದಕಗಳಿಂದ ಅಳೆದರು. ಫಲಿತಾಂಶ ಸ್ಪಷ್ಟವಾಗಿತ್ತು. ಹೊರಮೈಯ ಒರಟುತನ, ಘರ್ಷಣೆ, ಎಣ್ಣೆ ಹೀರುವಿಕೆ ಇವೇ ಪಟ್ಟಿಯ ಮೇಲ್ಗಡೆ ಬಂದವು. ಕೋರ್‌ನ ಅಳತೆಗಳು ಅವುಗಳ ಕೆಳಗೆ. ಜಾಹೀರಾತುಗಳಲ್ಲಿ ಮಾತ್ರ ಕೋರ್‌ನದೇ ದೊಡ್ಡ ಚಿತ್ರ. ಅದರ ಆಕಾರಕ್ಕೆ ಬೆರಗಾಗಿ ದುಡ್ಡು ಕೊಟ್ಟು, ಕವರ್ ಒರೆಸದೆ ಬಿಡುವ ಹೊಸಬರು ಈ ಫಲಿತಾಂಶವನ್ನು ತಿಳಿದಿರುವುದು ಒಳ್ಳೆಯದು.

ಮುಂದೆ ಅರ್ಲ್ ಎಂಬ ಇನ್ನೂ ಸುಧಾರಿತ ಯಂತ್ರ ಬಂತು. 2011ರಲ್ಲಿ ಅದು ವೃತ್ತಿಪರ ಆಟಗಾರ ಕ್ರಿಸ್ ಬಾರ್ನ್ಸ್ ಎದುರು ಆಡಿತು. ಗೆದ್ದದ್ದು ಬಾರ್ನ್ಸ್, ಸುಮಾರು 50 ಅಂಕಗಳ ಅಂತರದಿಂದ.

ಯಂತ್ರದ ಕೈ ಎಷ್ಟೇ ಸ್ಥಿರವಾಗಿದ್ದರೂ ಲೇನ್ ಒಂದೇ ಸ್ಥಿತಿಯಲ್ಲಿ ಉಳಿಯುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಪ್ರತಿ ಹೊಡೆತವೂ ಒಂದಿಷ್ಟು ಎಣ್ಣೆ ಎತ್ತಿಕೊಂಡು ಹೋಗುತ್ತದೆ. ಎಣ್ಣೆ ಹೀರುವ ಚೆಂಡುಗಳು ಬಂದ ಮೇಲೆ ಈ ಬದಲಾವಣೆ ಇನ್ನೂ ಬೇಗ ಆಗುತ್ತದೆ. ಮೊದಲ ಆಟದಲ್ಲಿ ಸರಿಯಾಗಿ ತಿರುಗುತ್ತಿದ್ದ ಚೆಂಡು ಮೂರನೆಯ ಆಟಕ್ಕೆ ಬೇಗನೆ ತಿರುಗಿ ಪಾಕೆಟ್ ತಪ್ಪುತ್ತದೆ. ಆಗ ಆಟಗಾರ ನಿಲ್ಲುವ ಜಾಗ ಬದಲಿಸುತ್ತಾನೆ, ಇಲ್ಲವೇ ಚೆಂಡು ಬದಲಿಸುತ್ತಾನೆ. ಮಂಕು ಕವರ್‌ನಿಂದ ಹೊಳಪು ಕವರ್‌ಗೆ. ಬೇಗ ಸುತ್ತುವ ಕೋರ್‌ನಿಂದ ತಡವಾಗಿ ಸುತ್ತುವ ಕೋರ್‌ಗೆ. ದೊಡ್ಡ ಸ್ಪರ್ಧೆಗಳಿಗೆ ಆಟಗಾರರು ಐದಾರು ಚೆಂಡು ಹೊತ್ತು ಬರುವುದು ಇದಕ್ಕೇ.

ಆ ಐದಾರರಲ್ಲಿ ಒಂದು ಮಾತ್ರ ಬೇರೆ. ಅದು ಹಳೆಯ ಕಾಲದ, ಅಗ್ಗದ ಪ್ಲಾಸ್ಟಿಕ್ ಚೆಂಡು. ಮೊದಲ ಹೊಡೆತದಲ್ಲಿ ಒಂಬತ್ತು ಬಿದ್ದು, ಬಲಮೂಲೆಯಲ್ಲಿ ಹತ್ತನೆಯ ಪಿನ್ ಒಂಟಿಯಾಗಿ ಉಳಿದಾಗ ಬಲಗೈ ಆಟಗಾರನಿಗೆ ತಿರುವು ಬೇಡವೇ ಬೇಡ. ಲೇನ್‌ನಲ್ಲಿ ಎಣ್ಣೆ ಎಷ್ಟಿದ್ದರೂ ನೆಟ್ಟಗೆ ಹೋಗುವ ಚೆಂಡು ಬೇಕು. ಎಣ್ಣೆ ಹೀರದ ಕವರ್, ಅಕ್ಷ ಸರಿಸದ ಕೋರ್. ಈ ಕೆಲಸಕ್ಕೆ ಅದಕ್ಕಿಂತ ನಂಬಿಕಸ್ತ ಚೆಂಡು ಇವತ್ತಿಗೂ ಇಲ್ಲ.